ಗೌರಿ-ಗಣೇಶ ಹಬ್ಬಕ್ಕೆ ನಮ್ಮದೇ ಹಾಡಿನ ಮಿಕ್ಸ್: ನನ್ನ ಅನುಭವ

ಈ ವರ್ಷ ನಾನು ಮಾಡಿದ ಹಬ್ಬದ ಮಿಕ್ಸ್ ಗೌರಿ ಹಬ್ಬ, ಗಣಪತಿ ಹಬ್ಬ ಎರಡೂ ದಿನ ಪೂರ್ತಿ ಓಡಿತು. ನಡುವೆ ಯಾರೂ ಎದ್ದು ಹೋಗಿ ಹಾಡು ಬದಲಾಯಿಸಲಿಲ್ಲ. ಪುರೋಹಿತರು "ಸ್ವಲ್ಪ ನಿಲ್ಲಿಸಿ" ಅನ್ನಲಿಲ್ಲ. ಮಾರನೇ ದಿನ ನಮ್ಮ ಬೀದಿಯ ಪೆಂಡಾಲಿನ ಹುಡುಗರು ತಾವಾಗೇ ಬಂದು ಪೆನ್ ಡ್ರೈವ್ ಕೇಳಿದರು. ನಾಲ್ಕೈದು ವರ್ಷ ಎಲ್ಲರೂ "ಸುಮ್ನೆ ಫೋನಲ್ಲಿ ಹಾಕಿದ್ರೆ ಆಗಲ್ವಾ" ಅನ್ನುತ್ತಿದ್ದ ಕೆಲಸ ಇದು. ಆದ್ದರಿಂದ ನೆನಪಿರುವಾಗಲೇ ಬರೆದಿಡುತ್ತಿದ್ದೇನೆ. ಆಡಾಸಿಟಿ (ಕಂಪ್ಯೂಟರಿನಲ್ಲಿ ಹಾಡು ಕತ್ತರಿಸಿ ಜೋಡಿಸುವ ತಂತ್ರಾಂಶ) ಬಳಸಿ ಗೊತ್ತಿದೆ, ಕ್ಯಾಸೆಟ್ಟನ್ನು ಕಂಪ್ಯೂಟರಿಗೆ ಇಳಿಸಿ ಗೊತ್ತಿದೆ ಅನ್ನುವವರಿಗಾಗಿ ಬರೆದದ್ದು. ಮೊದಲ ಪಾಠ ಇಲ್ಲಿಲ್ಲ.

ಶುರುವಿನಲ್ಲಿ ಎಲ್ಲರಂತೆ ಆ್ಯಪ್‌ನಲ್ಲಿ ಪಟ್ಟಿ ಮಾಡಿದ್ದೆ. ಮಂಗಳಾರತಿ ಹೊತ್ತಿಗೆ ಸಾಲದ ಜಾಹೀರಾತು ಬಂತು. ದುಡ್ಡು ಕಟ್ಟಿದರೆ ಜಾಹೀರಾತು ಹೋಗುತ್ತದೆ, ನಿಜ. ಆದರೆ ಒಂದು ಹಾಡು ಪಿಸುಗುಟ್ಟಿದಂತೆ, ಇನ್ನೊಂದು ಕಿರುಚಿದಂತೆ ಕೇಳುವುದು ತಪ್ಪುವುದಿಲ್ಲ. ಹಳೆಯ 78ರ ಗ್ರಾಮಫೋನ್ ತಟ್ಟೆಯಿಂದ ಇಳಿಸಿದ ದೇವರನಾಮಕ್ಕೂ ಇತ್ತೀಚಿನ ಭಕ್ತಿಗೀತೆಗೂ ಹತ್ತು ಡೆಸಿಬೆಲ್ ವ್ಯತ್ಯಾಸ ಇರುವುದು ಸಾಮಾನ್ಯ. ಅದಕ್ಕಿಂತ ದೊಡ್ಡ ತೊಂದರೆ ಶ್ರುತಿಯದು. ಗಂಡು ದನಿಯ ಹಾಡು ಮುಗಿದ ಕೂಡಲೇ ಎಲ್ಲೋ ಬೇರೆ ಶ್ರುತಿಯಲ್ಲಿ ಹೆಣ್ಣು ದನಿ ಎದ್ದರೆ ಸಂಗೀತ ಗೊತ್ತಿಲ್ಲದವರಿಗೂ ಕಿರಿಕಿರಿಯಾಗುತ್ತದೆ. ಯಾಕೆ ಅಂತ ಅವರಿಗೆ ಹೇಳಲು ಬರುವುದಿಲ್ಲ, ಎದ್ದು ಹೋಗಿ ಆಫ್ ಮಾಡುತ್ತಾರೆ.

ಆಮೇಲಿನ ವರ್ಷ ಆರು ಗಂಟೆಯ ಒಂದೇ ಉದ್ದದ ಫೈಲ್ ಮಾಡಿದೆ. ಸದ್ದಿನ ಮಟ್ಟ ಒಂದೇ ಸಮ, ಜೋಡಣೆ ನಯ. ಕೇಳಲು ಚೆನ್ನಾಗಿಯೇ ಇತ್ತು. ಆದರೆ ಹಬ್ಬ ಗಡಿಯಾರ ನೋಡಿಕೊಂಡು ನಡೆಯುವುದಿಲ್ಲ. ಪುರೋಹಿತರಿಗೆ ಆ ದಿನ ಹತ್ತಾರು ಮನೆ. ಎಂಟಕ್ಕೆ ಅಂದವರು ಹತ್ತಕ್ಕೆ ಬರುತ್ತಾರೆ. ಪೂಜೆಗೆಂದು ಇಟ್ಟ ಭಾಗ ಕಡುಬು ಬೇಯುವಾಗಲೇ ಮುಗಿದಿತ್ತು. ಸಂಕಲ್ಪ ಹೇಳುವಾಗ ಊಟದ ಹೊತ್ತಿನ ಜೋರು ಹಾಡು. "ಭಾವ, ನಿಮ್ಮ ಫೈಲಿಗಿಂತ ನನ್ನ ಫೋನೇ ವಾಸಿ" ಅಂತ ಬಾಮೈದ ಅವತ್ತು ಅಂದಿದ್ದ.

ಈಗ ಮಾಡಿರುವ ವಿಧಾನ ಹೀಗಿದೆ. ಇಡೀ ದಿನವನ್ನು ಮನೆಯ ಕೆಲಸಕ್ಕೆ ತಕ್ಕಂತೆ ಕಟ್ಟುಗಳಾಗಿ ಒಡೆದೆ. ಅಡುಗೆಮನೆಯ ಕಟ್ಟು, ಪೂಜೆಯ ಕಟ್ಟು, ಪಂಕ್ತಿಯ ಕಟ್ಟು, ಸಂಜೆ ಅರಿಶಿನ-ಕುಂಕುಮದ ಕಟ್ಟು. ಒಂದೊಂದು ಕಟ್ಟು ನಲವತ್ತು ನಿಮಿಷದಿಂದ ಒಂದು ಗಂಟೆ, ಒಂದೇ ಫೈಲ್. ಎರಡು ಕಟ್ಟುಗಳ ನಡುವೆ ಬರೀ ತಂಬೂರಿಯ ಫೈಲ್, ಅದು ಒಂದೂವರೆ ಗಂಟೆ ಉದ್ದ. ಕಟ್ಟು ಮುಗಿದರೆ ತಂಬೂರಿ ತಾನಾಗೇ ಶುರುವಾಗುತ್ತದೆ. ಪುರೋಹಿತರು ತಡವಾದರೆ ತಂಬೂರಿ ನುಡಿಯುತ್ತಲೇ ಇರುತ್ತದೆ, ಯಾರಿಗೂ ತೊಂದರೆಯಿಲ್ಲ. ಮುಂದಿನ ಕೆಲಸ ಶುರುವಾದಾಗ ಯಾರಾದರೂ ರಿಮೋಟಿನಲ್ಲಿ ನೆಕ್ಸ್ಟ್ ಒತ್ತಿದರೆ ಆಯಿತು. ಇಷ್ಟೇ. ಇಷ್ಟನ್ನು ಕಂಡುಕೊಳ್ಳಲು ವರ್ಷಗಳು ಬೇಕಾದವು. ಈ ಒಂದು ಬದಲಾವಣೆ ಇಡೀ ಮಿಕ್ಸನ್ನು ಉಳಿಸಿತು ಅಂತ ಎದೆ ತಟ್ಟಿ ಹೇಳುತ್ತೇನೆ.

ತಂಬೂರಿ ಯಾವ ಶ್ರುತಿಯಲ್ಲಿರಬೇಕು? ಇಲ್ಲಿ ಒಂದು ಅನುಕೂಲ ತಾನಾಗಿ ಸಿಗುತ್ತದೆ. ಗಂಡು ದನಿಯ ಹಾಡುಗಳು ಬಿಳಿ ಒಂದರ (ಹಾರ್ಮೋನಿಯಂನ ಮೊದಲ ಬಿಳಿ ಮನೆಯ ಶ್ರುತಿ) ಆಸುಪಾಸಿನಲ್ಲಿರುತ್ತವೆ, ಹೆಣ್ಣು ದನಿಯವು ಬಿಳಿ ಐದರ ಆಸುಪಾಸಿನಲ್ಲಿ. ಬಿಳಿ ಒಂದರ ಪಂಚಮವೇ (ಪ) ಬಿಳಿ ಐದರ ಷಡ್ಜ (ಸ). ಆದ್ದರಿಂದ ಬಿಳಿ ಒಂದರ ತಂಬೂರಿಯಿಂದ ಎರಡೂ ಕಡೆಗೆ ದಾಟಬಹುದು. ಅರ್ಧ ಮನೆ, ಒಂದು ಮನೆ (ಹಾರ್ಮೋನಿಯಂನಲ್ಲಿ ಒಂದು ಕೀಲಿಯಿಂದ ಪಕ್ಕದ ಕೀಲಿಗೆ ಇರುವ ಅಂತರ) ಆಚೀಚೆ ಇರುವ ಹಾಡಿನ ಶ್ರುತಿಯನ್ನು ಸ್ವಲ್ಪ ಎಳೆದು ಕೂರಿಸಬಹುದು. ಅದಕ್ಕಿಂತ ಜಾಸ್ತಿ ಎಳೆದರೆ ದನಿ ಕೆಡುತ್ತದೆ. ಅಂಥ ಹಾಡು ಎಷ್ಟೇ ಇಷ್ಟವಾದರೂ ಬಿಟ್ಟೆ. ಭೀಮಸೇನ ಜೋಶಿಯವರ ದಾಸವಾಣಿಯನ್ನು ಮಾತ್ರ ಒಂದು ಕೂದಲೂ ಎಳೆಯಲಿಲ್ಲ. ಅವರ ಹಾಡು ಇರುವ ಕಡೆ ಸುತ್ತಲಿನ ಹಾಡುಗಳನ್ನೇ ಅದಕ್ಕೆ ಹೊಂದಿಸಿದೆ.

ಗಣಪತಿ ಮಿಕ್ಸ್ ಮಾಡುವವರು ಗಮನಿಸಬೇಕಾದ ಇನ್ನೊಂದು ವಿಷಯ ಹಂಸಧ್ವನಿ ರಾಗ. "ವಾತಾಪಿ ಗಣಪತಿಂ" ಹಂಸಧ್ವನಿ. "ಗಜವದನ ಬೇಡುವೆ" ಹಂಸಧ್ವನಿ. ವೀಣೆಯದ್ದು ಹುಡುಕಿದರೆ ಅದೂ ಹಂಸಧ್ವನಿ. ಸುಮ್ನೆ ಸಿಕ್ಕಿದ್ದನ್ನೆಲ್ಲ ಹಾಕುತ್ತಾ ಹೋದರೆ ಮುಕ್ಕಾಲು ಗಂಟೆ ಅದೇ ಐದು ಸ್ವರ. ಆ ರಾಗ "ವಾತಾಪಿ" ರಚಿಸಿದ ಮುತ್ತುಸ್ವಾಮಿ ದೀಕ್ಷಿತರ ತಂದೆ ರಾಮಸ್ವಾಮಿ ದೀಕ್ಷಿತರದ್ದು ಅನ್ನುತ್ತಾರೆ. "ಗಜವದನ" ಬರೆದ ಪುರಂದರದಾಸರು ಅದಕ್ಕಿಂತ ಇನ್ನೂರು ವರ್ಷ ಹಿಂದಿನವರು. ಅಂದರೆ ದಾಸರ ಪದಕ್ಕೆ ಈ ಮಟ್ಟು ಆಮೇಲೆ ಕೂತದ್ದು, ಬೇರೆ ಮಟ್ಟಿನಲ್ಲಿ ಹಾಡಿದವರೂ ಇದ್ದೇ ಇರುತ್ತಾರೆ ಅಂತ ಹುಡುಕಿದೆ. ಸಿಕ್ಕಿತು, ಚೆನ್ನಾಗಿಯೂ ಇದೆ. ಉಳಿದಂತೆ ಮೊದಲಿಗೆ ನಾಟ ರಾಗದ "ಮಹಾಗಣಪತಿಂ", ಆಮೇಲೆ ಗೌಳದ "ಶ್ರೀ ಮಹಾಗಣಪತಿರವತು ಮಾಂ", ನಡುವೆ ಸೌರಾಷ್ಟ್ರ ರಾಗದ "ಶರಣು ಸಿದ್ಧಿವಿನಾಯಕ". ಹಂಸಧ್ವನಿ ಒಂದು ಕಟ್ಟಿಗೆ ಒಂದೇ ಸಲ. ಆಗ ಅದು ಬಂದಾಗ ಮನೆಯಲ್ಲಿ ಬೆಳಕು ಜಾಸ್ತಿಯಾದ ಹಾಗೆ ಕೇಳುತ್ತದೆ.

ಅಡುಗೆಮನೆಯ ಕಟ್ಟಿಗೆ ವೀಣೆ, ಕೊಳಲು ಹಾಕಲೇಬೇಡಿ. ಮಿಕ್ಸಿ, ಕುಕ್ಕರ್, ಒಗ್ಗರಣೆ ಸದ್ದಿನಲ್ಲಿ ಏನೂ ಕೇಳುವುದಿಲ್ಲ. ಅಲ್ಲಿಗೆ ಬೇಕಾದದ್ದು ಬಾಯಿಗೆ ಬರುವ ಪದ, ಗಟ್ಟಿ ಕಂಠ. ಕಡುಬಿಗೆ ಹಿಟ್ಟು ತಟ್ಟುತ್ತಾ ಜೊತೆಗೆ ಹಾಡಿಕೊಳ್ಳಬೇಕು, ಅಲ್ವಾ? ಪೂಜೆಯ ಕಟ್ಟಿನಲ್ಲಿ ಇದಕ್ಕೆ ಉಲ್ಟಾ. ಮಂತ್ರ ನಡೆಯುವಾಗ ಇನ್ನೊಂದು ಮಾತು ಬೇಡ. ಅಲ್ಲಿ ಬರೀ ವೀಣೆ, ತೀರಾ ಮೆಲ್ಲಗೆ, ಗರಿಕೆ ಏರಿಸುವ ಹೊತ್ತಿಗೆ ಅದೂ ಇಲ್ಲ, ತಂಬೂರಿ ಮಾತ್ರ.

ಸಂಜೆಯ ಕಟ್ಟು ನನಗೆ ತುಂಬಾ ಹೆಮ್ಮೆ ತಂದದ್ದು. ಅರಿಶಿನ-ಕುಂಕುಮಕ್ಕೆ ಬಂದವರನ್ನು "ಒಂದು ಹಾಡು ಹೇಳಿ" ಅನ್ನುವ ರೂಢಿ ನಮ್ಮ ಕಡೆ ಇನ್ನೂ ಇದೆ. ಸ್ಪೀಕರಿನಲ್ಲಿ ಹಾಡು ಓಡುತ್ತಿದ್ದರೆ ಯಾರು ಹಾಡುತ್ತಾರೆ? ಅದಕ್ಕೇ ಆ ಕಟ್ಟಿನಲ್ಲಿ ಎರಡು ಹಾಡಾದ ಮೇಲೆ ಹತ್ತು ನಿಮಿಷ ಖಾಲಿ ತಂಬೂರಿ ಬಿಟ್ಟೆ. ಬಿಳಿ ಐದಲ್ಲ, ಬಿಳಿ ನಾಲ್ಕು. ಕಲಿತ ಗಾಯಕಿಯರಿಗೆ ಐದು ಸರಿ, ಮನೆಯಲ್ಲಿ ಹಾಡುವವರಿಗೆ ಏರಲು ಕಷ್ಟ. ಪಕ್ಕದ ಮನೆಯ ಆಂಟಿ ಯಾವತ್ತೂ "ನಂಗೆ ಬರಲ್ಲಪ್ಪಾ" ಅಂತಲೇ ಕುಂಕುಮ ತಗೊಂಡು ಹೊರಡುತ್ತಿದ್ದವರು. ಈ ಸಲ ತಂಬೂರಿ ಕೇಳುತ್ತಾ ಕೂತವರು ತಾವೇ ಎತ್ತಿಕೊಂಡು ಎರಡು ದೇವರನಾಮ ಹೇಳಿದರು. ಅವರನ್ನು ನೋಡಿ ಇನ್ನಿಬ್ಬರು. ಹಾಡಿಗೆ ಜಾಗ ಬಿಡುವುದೂ ಮಿಕ್ಸಿನ ಕೆಲಸ ಅಂತ ನಾನು ಮೊದಲಿಂದ ವಾದಿಸುತ್ತಿದ್ದೆ. ಅವತ್ತು ಎಲ್ಲರೂ ಒಪ್ಪಿದರು.

ಜಾಸ್ತಿ ಹೊತ್ತು, ಜಾಸ್ತಿ ದುಡ್ಡು ತಿಂದದ್ದು ಅಜ್ಜಿಯ ಕ್ಯಾಸೆಟ್. 1988ರ ಸುಮಾರಿಗೆ ಮಾವ ಅಜ್ಜಿಯನ್ನು ಟೇಪ್‌ರೆಕಾರ್ಡರ್ ಮುಂದೆ ಕೂರಿಸಿ ಗೌರಿಯನ್ನು ಹಸೆಗೆ ಕರೆಯುವ ಹಾಡು, ಆರತಿ ಹಾಡು ಎಲ್ಲ ತುಂಬಿಸಿಕೊಂಡಿದ್ದರು. ಒಂದು ಅಂಗಡಿಯಲ್ಲಿ ಕ್ಯಾಸೆಟ್ಟಿಗೆ ನಾನೂರು ರೂಪಾಯಿ ತಗೊಂಡು ಇಳಿಸಿಕೊಟ್ಟರು. ಅಜ್ಜಿಯ ದನಿ ಹುಡುಗಿಯ ದನಿಯಾಗಿತ್ತು, ಜೊತೆಗೆ ಸದ್ದು ಕಡಿಮೆ ಮಾಡುತ್ತೇವೆ ಅಂತ "ಸ", "ಶ"ಗಳನ್ನೆಲ್ಲ ತಿಂದುಹಾಕಿದ್ದರು. ಆಮೇಲೆ ಆನ್‌ಲೈನಿನಲ್ಲಿ ಸಾವಿರದ ಇನ್ನೂರಕ್ಕೆ ಯುಎಸ್‌ಬಿ ಕ್ಯಾಸೆಟ್ ಪ್ಲೇಯರ್ ತರಿಸಿದೆ. ಅದರ ವೇಗವೇ ನಿಲ್ಲುವುದಿಲ್ಲ, ತಂಬೂರಿಯೇ ಅಲುಗಾಡುತ್ತದೆ. ದುಡ್ಡು ದಂಡ. ಕೊನೆಗೆ ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ (ಎಲೆಕ್ಟ್ರಾನಿಕ್ಸ್ ಅಂಗಡಿಗಳ ಬೀದಿ) ಹುಡುಕಿ ಹಳೆಯ ಕ್ಯಾಸೆಟ್ ಡೆಕ್ ತಂದೆ. ಮೂರೂವರೆ ಸಾವಿರ ಇರಬೇಕು. ಒಳಗಿನ ಬೆಲ್ಟ್ ಕರಗಿ ಡಾಂಬರಿನಂತಾಗಿತ್ತು. ಹೊಸ ಬೆಲ್ಟ್, ಟೇಪ್ ಓದುವ ಹೆಡ್ ಒರೆಸಲು ಸ್ಪಿರಿಟ್, ಎಲ್ಲ ಸೇರಿ ಇನ್ನೊಂದು ಮುನ್ನೂರು.

ಡೆಕ್ ಸರಿಯಾದರೂ ದನಿ ಸ್ವಲ್ಪ ಎಳೆಯದಾಗಿಯೇ ಕೇಳುತ್ತಿತ್ತು. ರೆಕಾರ್ಡ್ ಮಾಡಿದ ಯಂತ್ರವೇ ನಿಧಾನ ಓಡಿದ್ದಿರಬೇಕು, ಈಗ ಸರಿಯಾದ ವೇಗದಲ್ಲಿ ಓಡಿಸಿದರೆ ದನಿ ಏರುತ್ತದೆ. ಎಷ್ಟು ಅಂತ ಕಂಡುಹಿಡಿಯೋದು ಹೇಗೆ? ಹಾಡಿನ ನಡುವಿನ ಖಾಲಿ ಜಾಗ ಆರಿಸಿ ಆಡಾಸಿಟಿಯಲ್ಲಿ ಸ್ಪೆಕ್ಟ್ರಮ್ (ಸದ್ದಿನಲ್ಲಿ ಯಾವ ಕಂಪನ ಎಷ್ಟಿದೆ ಅಂತ ತೋರಿಸುವ ಚಿತ್ರ) ತೆಗೆದೆ, ಅಲ್ಲಿನ ಸೈಜ್ ಸೆಟ್ಟಿಂಗ್ ಆದಷ್ಟು ದೊಡ್ಡದಿಟ್ಟು. 50 ಹರ್ಟ್ಸ್ ಹತ್ತಿರ ಒಂದು ಮೊನೆ, 52ರ ಹತ್ತಿರ ಇನ್ನೊಂದು. 50 ನನ್ನ ಮನೆಯ ಕರೆಂಟಿನ ಗುಂಯ್ ಸದ್ದು. 52 ಆವತ್ತಿನ ಕರೆಂಟಿನದು, ಟೇಪಿನ ಜೊತೆ ವೇಗವಾಗಿ ಓಡುತ್ತಿರುವುದು. ಅಂದರೆ ಶೇಕಡಾ 4ರಷ್ಟು ಜಾಸ್ತಿ ವೇಗ. ಶೇಕಡಾ 6 ಆದರೆ ಶ್ರುತಿ ಪೂರ್ತಿ ಒಂದು ಮನೆ ಏರುತ್ತದೆ. ಚೇಂಜ್ ಸ್ಪೀಡ್‌ನಲ್ಲಿ ಅಷ್ಟು ಇಳಿಸಿದೆ. ಚೇಂಜ್ ಪಿಚ್ ಅಲ್ಲ, ನೆನಪಿರಲಿ, ಅದು ವೇಗ ಸರಿಮಾಡುವುದಿಲ್ಲ. ಆ ಕಾಲದ ಕರೆಂಟು ಸದಾ ಕರಾರುವಾಕ್ಕಾಗಿ 50 ಇರುತ್ತಿರಲಿಲ್ಲ, ಹಾಗಾಗಿ ಇದು ಅಂದಾಜೇ. ಕೊನೆಯ ಮಾತು ಅಮ್ಮನದು. ಮೂರು ಬೇರೆ ಬೇರೆ ವೇಗದಲ್ಲಿ ಕೇಳಿಸಿದೆ. ಎರಡನೆಯದಕ್ಕೆ "ಇದು ಕಣೋ ನಮ್ಮಮ್ಮ" ಅಂದರು. ಅದು ಲೆಕ್ಕ ಹಾಕಿ ಇಟ್ಟದ್ದೇ ಆಗಿತ್ತು.

ಅಜ್ಜಿಯ ಒರಟು ಟೇಪಿನಿಂದ ಸ್ಟುಡಿಯೋ ಹಾಡಿಗೆ ದಾಟುವಾಗ ಕಿವಿಗೆ ಎಡವಿದಂತಾಗಬಾರದು. ಅದನ್ನು ಹೇಗೆ ಮಾಡಿದೆ ಅನ್ನುವುದನ್ನು ಇಲ್ಲಿ ಬರೆಯುವುದಿಲ್ಲ. ಬರೀ ಫೇಡ್ ಅಲ್ಲ, ಅಷ್ಟು ಹೇಳಬಲ್ಲೆ. ನಮ್ಮೂರಿನ ಒಂದು ಸ್ಟುಡಿಯೋದವರು ಇಡೀ ಕೆಲಸಕ್ಕೆ ಹನ್ನೆರಡು ಸಾವಿರ ಕೇಳಿದ್ದರು, ಮೇಲೆ ಟೇಪಿನ ಸದ್ದು ಪೂರ್ತಿ ತೆಗೆಯುತ್ತೇವೆ ಅಂದಿದ್ದರು. ಪೂರ್ತಿ ತೆಗೆದರೆ ಅಜ್ಜಿಯೂ ಹೋಗುತ್ತಾರೆ. ಹಿನ್ನೆಲೆಯಲ್ಲಿ ಒಂದು ಕಡೆ ಹಾಲಿನವನು ಸೈಕಲ್ ಬೆಲ್ ಹೊಡೆಯುತ್ತಾನೆ. ಅದನ್ನು ಬೇಕೆಂದೇ ಉಳಿಸಿಕೊಂಡಿದ್ದೇನೆ.

ನಡುವೆ ಒಂದು ಪ್ರಯೋಗವನ್ನೂ ಮಾಡಿದೆ, ಹೊತ್ತಿಗೊಂದು ರಾಗ. ಬೆಳಿಗ್ಗೆ ಭೂಪಾಳ, ಬೌಳಿ, ಆಮೇಲೆ ಮಲಯಮಾರುತ, ಸಂಜೆಗೆ ಕಲ್ಯಾಣಿ. ಶಾಸ್ತ್ರಕ್ಕೆ ಸರಿ. ಆದರೆ ಹಾಡುಗಳ ಆಯ್ಕೆ ತೀರಾ ಕಿರಿದಾಯಿತು, ಮನೆಯವರಿಗೆ ಗೊತ್ತಿರುವ ಹಾಡೆಲ್ಲ ಹೊರಗೆ ಉಳಿದವು. ಬೌಳಿಯೊಂದನ್ನು ಬೆಳಿಗ್ಗೆಗೆ ಇಟ್ಟುಕೊಂಡು ಉಳಿದದ್ದನ್ನು ಬಿಟ್ಟೆ. ಊಟವಾದ ಮೇಲೆ ನೀಲಾಂಬರಿ ಹಾಕಿದ್ದು ಮಾತ್ರ ಚೆನ್ನಾಗಿ ಕೆಲಸ ಮಾಡಿತು. ಹೋಳಿಗೆ ಊಟ ಮಾಡಿದ ದೊಡ್ಡಮ್ಮ, ಮಕ್ಕಳು ಎಲ್ಲ ನಡುಮನೆಯಲ್ಲೇ ಒರಗಿ ನಿದ್ದೆ ಹೋದರು. ಅದು ಈಗ ಕಾಯಂ.

ಪೆಂಡಾಲಿನ ಕಥೆ ಬೇರೆ. ಮನೆಯ ಸ್ಪೀಕರಿಗೆ ಮಾಡಿದ ಮಿಕ್ಸ್ ಪೆಂಡಾಲಿನ ಹಾರ್ನ್ ಸ್ಪೀಕರಿಗೆ ನಡೆಯುವುದಿಲ್ಲ. ಹಾರ್ನ್ ತಗ್ಗಿನ ಸದ್ದನ್ನು (ಬೇಸ್) ಹೊರಡಿಸುವುದೇ ಇಲ್ಲ. ಮೃದಂಗದ ಎಡಗಡೆಯ ತೊಪ್ಪಿ ಮಾಯ, ಬಲಗಡೆಯ ಟಪಟಪ ಮಾತ್ರ. ಆದ್ದರಿಂದ 300 ಹರ್ಟ್ಸ್ ಕೆಳಗಿನದನ್ನೆಲ್ಲ ಕತ್ತರಿಸಿ ಇನ್ನೊಂದು ಪ್ರತಿ ಮಾಡಿದೆ. ಕಿವಿಗೆ ಚುಚ್ಚುವ ಒಂದು ಜಾಗವೂ ಇದೆ, ಅದನ್ನು ಇಳಿಸಿದೆ. ಎಲ್ಲಿ, ಎಷ್ಟು ಅನ್ನುವುದು ನನ್ನ ಹತ್ತಿರವೇ ಇರಲಿ, ನೀವು ನಿಮ್ಮ ಹಾರ್ನಿಗೆ ಕಿವಿ ಕೊಟ್ಟು ಹುಡುಕಿಕೊಳ್ಳಿ. "ಸಾರ್, ಇದರಲ್ಲಿ ಬೇಸೇ ಇಲ್ವಲ್ಲ, ಯಾರು ಕೇಳ್ತಾರೆ" ಅಂದರು ಮೈಕ್‌ಸೆಟ್ಟಿನವರು. ಹಾರ್ನಿಗೆ ಹಾಕಿದ ಮೇಲೆ ಬೀದಿ ಕೊನೆಯವರೆಗೂ ಒಂದೊಂದು ಪದ ಬಿಡಿಸಿ ಕೇಳಿತು. ವಾಲ್ಯೂಮ್ ಅರ್ಧಕ್ಕಿಂತ ಕೆಳಗೇ ಇತ್ತು. ವಸತಿ ಬೀದಿಯಲ್ಲಿ ಹಗಲು 55 ಡೆಸಿಬೆಲ್ ಮಿತಿ, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ ಧ್ವನಿವರ್ಧಕ ಇಲ್ಲ ಅಂತ 2000ದ ಶಬ್ದಮಾಲಿನ್ಯ ನಿಯಮವೇ ಹೇಳುತ್ತದೆ. ಕಡಿಮೆ ಸದ್ದಿನಲ್ಲಿ ಸ್ಪಷ್ಟವಾಗಿ ಕೇಳುವ ಮಿಕ್ಸ್ ಇದ್ದರೆ ಬೀದಿಯಲ್ಲಿ ಜಗಳವೇ ಇಲ್ಲ. ಪರೀಕ್ಷೆ ಇರುವ ಮಕ್ಕಳ ಮನೆಯವರು ಈ ಸಲ ದೂರು ಹೇಳಲಿಲ್ಲ.

ಇನ್ನೊಂದು ಮಾತು. ಪೆಂಡಾಲಿಗೆ ಕೊಡುವುದನ್ನು ಮೋನೋ (ಎಡ-ಬಲ ಎರಡೂ ಬದಿ ಬೆರೆಸಿ ಒಂದೇ) ಮಾಡಿಯೇ ಕೊಡಿ. ಆಂಪ್ಲಿಫೈಯರಿಗೆ ಒಂದೇ ಕಡೆಯ ವಯರ್ ಚುಚ್ಚುತ್ತಾರೆ. ಹಳೆಯ ಸ್ಟೀರಿಯೋ ಹಾಡುಗಳಲ್ಲಿ ದನಿ ಒಂದು ಬದಿ, ವಾದ್ಯ ಇನ್ನೊಂದು ಬದಿ ಇರುತ್ತದೆ. ಬರೀ ಪಿಟೀಲು ಕೇಳುತ್ತದೆ, ಹಾಡುವವರೇ ಇಲ್ಲ! ಕ್ಯಾಸೆಟ್ಟಿನಿಂದ ಇಳಿಸುವುದಾದರೆ, ಇಳಿಸುವ ಮೊದಲೇ ಹೆಡ್ಡಿನ ಪಕ್ಕದ ಸ್ಕ್ರೂ ತಿರುಗಿಸಿ ಹೆಡ್ಡಿನ ಓರೆ ಸರಿಮಾಡಿಕೊಳ್ಳಿ. ಇಲ್ಲದಿದ್ದರೆ ಎರಡೂ ಬದಿ ಸೇರಿದಾಗ ದನಿ ಮಂಕಾಗುತ್ತದೆ.

ಪೆನ್ ಡ್ರೈವ್ ಫ್ಯಾಟ್ 32 ಫಾರ್ಮ್ಯಾಟಿನಲ್ಲೇ ಇರಲಿ, ಅಗ್ಗದ ಪ್ಲೇಯರುಗಳು ಬೇರೆಯದನ್ನು ಓದುವುದಿಲ್ಲ. ಹೆಸರಿಗೆ 01, 02 ಹಾಕಿದರೆ ಸಾಲದು. ಅವು ಕಾಪಿ ಮಾಡಿದ ಕ್ರಮದಲ್ಲೇ ಹಾಡುತ್ತವೆ, ಆದ್ದರಿಂದ ಒಂದೊಂದಾಗಿ ಸಾಲಾಗಿ ಹಾಕಬೇಕು. ಒಟ್ಟು ಖರ್ಚು, ಹಾಳಾದದ್ದೂ ಸೇರಿ, ಏಳೆಂಟು ಸಾವಿರದೊಳಗೆ. ಡೆಕ್ ಹೇಗೂ ಉಳಿದಿದೆ. ದೊಡ್ಡಮ್ಮನ ಹತ್ತಿರ ಇನ್ನೂ ಒಂದು ಡಬ್ಬಿ ಕ್ಯಾಸೆಟ್ ಇದೆಯಂತೆ, ದೀಪಾವಳಿಗೆ ಮೊದಲು ತರುತ್ತೇನೆ ಅಂದಿದ್ದಾರೆ. ಬಾಮೈದನೂ ತನ್ನ ಮನೆಗೆ ಒಂದು ಪ್ರತಿ ಬೇಕು ಅಂದ. ಅವನದಕ್ಕೆ ಅಡುಗೆಮನೆಯ ಕಟ್ಟನ್ನು ಇನ್ನೂ ಅರ್ಧ ಗಂಟೆ ಉದ್ದ ಮಾಡುತ್ತಿದ್ದೇನೆ, ಅವರ ಮನೆಯಲ್ಲಿ ಜನ ಜಾಸ್ತಿ.