ಪಾಯಿಂಟರ್ ಎಷ್ಟು ಸರಿಯಿತು? ಅಳೆದು ನೋಡಿ

ಮದ್ದೂರಿನ ಹತ್ತಿರ ನಮ್ಮ ಚಿಕ್ಕಪ್ಪನದೊಂದು ಆಲೆಮನೆ ಇದೆ. ಬೆಲ್ಲದ ಲೆಕ್ಕಕ್ಕೆ ಅಂತ ಸಿ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂ ಬರೆದುಕೊಟ್ಟಿದ್ದೆ. ಸಾಲಿಗೊಂದು ಬೆಲ್ಲದ ಹೆಸರು, ಸ್ಪೇಸ್, ತೂಕ. ಒಂದು ಪದ ದಾಟಿ ಮುಂದಿನ ಪದದ ಬುಡಕ್ಕೆ ಪಾಯಿಂಟರನ್ನು (ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ವೇರಿಯಬಲ್) ತಂದು ನಿಲ್ಲಿಸುವ ಫಂಕ್ಷನ್ ಅದರಲ್ಲಿತ್ತು. ಮೂರನೇ ದಿನ ಚಿಕ್ಕಪ್ಪನ ಫೋನ್: "ಇಲ್ದಿರೋ ಬೆಲ್ಲ ಎಲ್ಲಿಂದ ಬಂತಪ್ಪಾ?" ನನ್ನ ಲೂಪ್ ಸ್ಪೇಸ್ ಸಿಕ್ಕರೆ ಮಾತ್ರ ನಿಲ್ಲುತ್ತಿತ್ತು. ಕೊನೆಯ ಪದದ ಮುಂದೆ ಸ್ಪೇಸ್ ಇರುವುದಿಲ್ಲ, ಅಲ್ವಾ? ಸಾಲು ಮುಗಿಯಿತು ಅಂತ ಹೇಳುವ ಸೊನ್ನೆ ಬೈಟನ್ನೂ ದಾಟಿ, ಬಫರಿನಲ್ಲಿ (ಸಾಲನ್ನು ಓದಿಟ್ಟುಕೊಳ್ಳುವ ಮೆಮೊರಿ) ಉಳಿದಿದ್ದ ಹಿಂದಿನ ಸಾಲಿನ ಬಾಲವನ್ನು ಓದಿಬಿಟ್ಟಿತ್ತು.

ಈಗ ನಾನು ಟೆಸ್ಟ್ ಮಾಡುವುದು ಹೀಗೆ. ಮೊದಲು ಸಾಲಿನ ಆರಂಭದ ವಿಳಾಸವನ್ನು ಬೇರೆ ಪಾಯಿಂಟರಿನಲ್ಲಿ ಎತ್ತಿಡುತ್ತೇನೆ. ಫಂಕ್ಷನ್ ಕರೆದ ಮೇಲೆ, ಸರಿದ ಪಾಯಿಂಟರಿನಿಂದ ಅದನ್ನು ಕಳೆಯುತ್ತೇನೆ. ಎಷ್ಟು ಬೈಟ್ ಸರಿದಿದೆ ಅನ್ನುವುದು ಆಗ ಗೊತ್ತಾಗುತ್ತದೆ. ಮುಂದೆ ಯಾವ ಅಕ್ಷರ ಇದೆ ಅಂತ ಮಾತ್ರ ನೋಡಿದರೆ ಸಾಲದು. ಅದೇ ಅಕ್ಷರ ಸಾಲಿನಲ್ಲಿ ಇನ್ನೊಂದು ಕಡೆಯೂ ಇರಬಹುದು.

"ಅಚ್ಚು 40" ತೆಗೆದುಕೊಳ್ಳಿ. ಕಣ್ಣಿಗೆ "ಅಚ್ಚು" ಎರಡೇ ಅಕ್ಷರ. ಅಕ್ಷರಗಳನ್ನು ಬೈಟ್ ಆಗಿ ಬರೆಯುವ ಯುಟಿಎಫ್-8ರಲ್ಲಿ ಅ, ಚ, ಒತ್ತಕ್ಷರ ಕೂಡಿಸುವ ವಿರಾಮ ಚಿಹ್ನೆ, ಚ, ಉಕಾರ, ಒಟ್ಟು ಐದು ಸಂಕೇತ, ತಲಾ 3 ಬೈಟ್. ಮೊದಲ ಕರೆಗೆ 15ರ ಜೊತೆ ಸ್ಪೇಸ್ ಒಂದು, 16 ಬರಬೇಕು. ಎರಡನೆಯದಕ್ಕೆ 18. ಮೂರನೇ ಸಲ ಕರೆದರೂ 18ರಲ್ಲೇ ನಿಂತಿರಬೇಕು. ನನ್ನ ಹಳೇ ಫಂಕ್ಷನ್ ಬಿದ್ದದ್ದು ಎರಡನೇ ಕರೆಯಲ್ಲೇ. ನಾನು ಮೊದಲನೆಯದನ್ನು ನೋಡಿ ಸುಮ್ನೆ ಬಿಟ್ಟಿದ್ದೆ. ಕಳೆದಾಗ ಸೊನ್ನೆಯೇ ಬಂದರೆ, ಫಂಕ್ಷನ್ನಿಗೆ ಪಾಯಿಂಟರಿನ ವಿಳಾಸದ ಬದಲು ಅದರ ನಕಲನ್ನು ಕಳಿಸಿದ್ದೀರಾ ಅಂತ ನೋಡಿ.

ಖಾಲಿ ಸಾಲು, ಬರೀ ಸ್ಪೇಸ್ ಇರುವ ಸಾಲು, ಎರಡೆರಡು ಸ್ಪೇಸ್ ಇರುವ ಸಾಲು, ಇವನ್ನೂ ಹಾಕಿ. ಶುರುವಿನಲ್ಲೇ ಸ್ಪೇಸ್ ಇದ್ದರೆ ಏನಾಗಬೇಕು ಅಂತ ಟೆಸ್ಟಿಗೆ ಮುಂಚೆಯೇ ತೀರ್ಮಾನಿಸಿ.

ಕನ್ನಡ ಬೈಟ್‌ಗಳೆಲ್ಲ 127ಕ್ಕಿಂತ ಜಾಸ್ತಿ. ಹಲವು ಯಂತ್ರಗಳಲ್ಲಿ ಸಿ ಭಾಷೆಯ ಒಂದು ಬೈಟಿನ ಟೈಪ್ ಆದ ಕ್ಯಾರ್ (char) ಅವನ್ನು ಮೈನಸ್ ಅಂತ ಓದುತ್ತದೆ. ಬೈಟ್ ಸ್ಪೇಸ್ ಹೌದೋ ಅಲ್ಲವೋ ಹೇಳುವ ಇಸ್‌ಸ್ಪೇಸ್‌ಗೆ ಹಾಗೇ ಕೊಡಬಾರದು, ಅನ್‌ಸೈನ್ಡ್ ಕ್ಯಾರ್‌ಗೆ ಬದಲಿಸಿಯೇ ಕೊಡಿ.

ಇನ್ನೊಂದು ಮುಖ್ಯ ವಿಷಯ. ದೊಡ್ಡ ಬಫರಿನಲ್ಲಿ ಟೆಸ್ಟ್ ಮಾಡಿದರೆ ತಪ್ಪು ಅಡಗಿಕೊಳ್ಳುತ್ತದೆ. ಕೇಳಿದಷ್ಟು ಮೆಮೊರಿ ಕೊಡುವ ಮ್ಯಾಲಕ್‌ನಿಂದ ಸರಿಯಾಗಿ 19 ಬೈಟ್ ತೆಗೆದುಕೊಳ್ಳಿ, 18ರ ಮೇಲೆ ಕೊನೆಯ ಸೊನ್ನೆಗೆ ಒಂದು. ಮೆಮೊರಿ ತಪ್ಪು ಹಿಡಿಯುವ ಅಡ್ರೆಸ್ ಸ್ಯಾನಿಟೈಜರನ್ನು ಡೀಬಗ್ ಮಾಹಿತಿಯ (-g) ಜೊತೆ ಹಾಕಿ ಕಂಪೈಲ್ ಮಾಡಿ. ಒಂದೇ ಬೈಟ್ ಆಚೆ ಓದಿದರೂ ಪ್ರೋಗ್ರಾಮಿನ ಯಾವ ಸಾಲಿನಲ್ಲಿ ಅಂತ ತೋರಿಸುತ್ತದೆ. ಕೊನೆಗೆ ಆ ಮೆಮೊರಿ ಫ್ರೀ ಮಾಡುವಾಗ (ವಾಪಸ್ ಕೊಡುವಾಗ) ಸರಿದ ಪಾಯಿಂಟರನ್ನು ಕೊಡಬೇಡಿ, ಮೊದಲು ಎತ್ತಿಟ್ಟದ್ದನ್ನೇ ಕೊಡಿ.