ಉಲ್ಲೇಖ ಸರಿ ಇದ್ದರೆ ಅರ್ಧ ಜಗಳ ಮುಗಿದ ಹಾಗೆ: ವಿಕಿಪೀಡಿಯದಲ್ಲಿ ನನ್ನ ಅನುಭವ

ವಿಕಿಪೀಡಿಯದಲ್ಲಿ ಜಗಳ ಹತ್ತುವುದು ದೊಡ್ಡ ದೊಡ್ಡ ವಿಷಯಕ್ಕೆ ಅಂತ ಹೊರಗಿನವರು ಅಂದುಕೊಳ್ಳುತ್ತಾರೆ. ನಾನು ನೋಡಿದ್ದು ಬೇರೆ. ಒಂದು ಇಸವಿ, ಒಂದು ಅಂಕಿ, 'ಮೊಟ್ಟಮೊದಲ' ಅನ್ನುವ ಒಂದು ಪದ ಸಾಕು. ಅದರಲ್ಲೂ ಹೆಚ್ಚಿನವು ಉಲ್ಲೇಖ ಇಲ್ಲ ಅಂತ ಹುಟ್ಟುವುದಿಲ್ಲ, ಇರುವ ಉಲ್ಲೇಖವನ್ನು ಯಾರೂ ತೆರೆದು ಓದಿಲ್ಲ ಅಂತ ಹುಟ್ಟುತ್ತವೆ.

ಎವರೆಸ್ಟ್ ಎತ್ತರವನ್ನೇ ತೆಗೆದುಕೊಳ್ಳಿ. ಒಬ್ಬರು 8,848 ಮೀಟರ್ ಅಂತ ಬರೆಯುತ್ತಾರೆ. ಇನ್ನೊಬ್ಬರು ಬಂದು 8,844 ಮಾಡುತ್ತಾರೆ. ಮೊದಲಿನವರು ವಾಪಸ್ ತಿರುಗಿಸುತ್ತಾರೆ. ಇಬ್ಬರ ಕೈಯಲ್ಲೂ ಆಕರ ಇದೆ, ಇಬ್ಬರೂ ಸುಳ್ಳು ಹೇಳುತ್ತಿಲ್ಲ. ಎರಡನ್ನೂ ಓದಿದರೆ ವಿಷಯ ತಿಳಿಯುತ್ತದೆ. 8,848 ಸರ್ವೆ ಆಫ್ ಇಂಡಿಯಾ 1950ರ ದಶಕದಲ್ಲಿ ಕೊಟ್ಟ ಲೆಕ್ಕ, ತುದಿಯ ಹಿಮವೂ ಅದರಲ್ಲಿ ಸೇರಿದೆ. 8,844.43 ಚೀನಾ 2005ರಲ್ಲಿ ಅಳೆದದ್ದು, ಹಿಮದ ಕೆಳಗಿನ ಬಂಡೆಯವರೆಗೆ ಮಾತ್ರ. 2020ರ ಡಿಸೆಂಬರ್‌ನಲ್ಲಿ ನೇಪಾಳ ಮತ್ತು ಚೀನಾ ಸೇರಿ 8,848.86 ಅಂತ ಪ್ರಕಟಿಸಿದವು.

ಇಂಥ ಕಡೆ ನಾನು ಒಂದನ್ನು ಇಟ್ಟು ಇನ್ನೊಂದನ್ನು ಅಳಿಸುವುದಿಲ್ಲ. ಯಾರು, ಯಾವಾಗ, ಏನನ್ನು ಅಳೆದರು ಅನ್ನುವುದನ್ನು ವಾಕ್ಯದೊಳಗೇ ಬರೆಯುತ್ತೇನೆ. ಪ್ರತಿ ಅಂಕಿಯ ಪಕ್ಕದಲ್ಲೇ ಅದರ ಉಲ್ಲೇಖ ಹಾಕುತ್ತೇನೆ. ಪ್ಯಾರಾದ ಕೊನೆಯಲ್ಲಿ ಮೂರ್ನಾಲ್ಕು ಉಲ್ಲೇಖ ಒಟ್ಟಿಗೆ ಗುಡ್ಡೆ ಹಾಕಿದರೆ ಯಾವುದು ಯಾವುದಕ್ಕೆ ಅಂತ ಓದುವವರಿಗೆ ಹೇಗೆ ಗೊತ್ತಾಗಬೇಕು?

ಪುಸ್ತಕವಾದರೆ ಪುಟ ಸಂಖ್ಯೆ ಕೊಡಲೇಬೇಕು. ನಾನೂರು ಪುಟದ ಪುಸ್ತಕದ ಹೆಸರನ್ನಷ್ಟೇ ಬರೆದರೆ ಪರೀಕ್ಷಿಸಲು ಬಂದವರಿಗೆ ಏನೂ ಕೊಟ್ಟಂತಾಗುವುದಿಲ್ಲ. ವೆಬ್ ಪುಟವಾದರೆ ವೇಬ್ಯಾಕ್ ಮಷಿನ್ ಅನ್ನುವ, ವೆಬ್ ಪುಟಗಳ ಪ್ರತಿ ಕಾದಿಡುವ ತಾಣದಲ್ಲಿ ಒಂದು ಪ್ರತಿ ಉಳಿಸಿ ಆ ಕೊಂಡಿಯನ್ನೂ ಸೇರಿಸುತ್ತೇನೆ. ಕೊಂಡಿಗಳು ಸಾಯುತ್ತಲೇ ಇರುತ್ತವೆ.

ನನ್ನನ್ನು ಜಾಸ್ತಿ ಕಾಡುವುದು ಸುತ್ತು ಹೊಡೆಯುವ ಉಲ್ಲೇಖ. ಯಾರೋ ಆಧಾರವಿಲ್ಲದೆ ಒಂದು ಸಾಲು ಸೇರಿಸುತ್ತಾರೆ. ಅವಸರದಲ್ಲಿದ್ದ ಪತ್ರಿಕೆಯೊಂದು ಅದನ್ನು ಎತ್ತಿ ವರದಿಯಲ್ಲಿ ಹಾಕುತ್ತದೆ. ಆಮೇಲೆ ಆ ವರದಿಯೇ ಅದೇ ಸಾಲಿಗೆ ಆಧಾರವಾಗಿ ಬಂದು ಕೂರುತ್ತದೆ. ಹಾಗಾಗಿ ಅನುಮಾನ ಬಂದ ಸಾಲನ್ನು ಪುಟದ ಇತಿಹಾಸದಲ್ಲಿ, ಅಂದರೆ ಯಾರು ಯಾವಾಗ ಏನು ಬದಲಿಸಿದರು ಅನ್ನುವ ಪಟ್ಟಿಯಲ್ಲಿ, ಹುಡುಕುತ್ತೇನೆ. ಸಾಲು ಸೇರಿದ ದಿನಾಂಕಕ್ಕಿಂತ ವರದಿ ಈಚಿನದಾಗಿದ್ದು, ಪದಗಳೂ ಹಾಗ್ಹಾಗೇ ಇದ್ದರೆ, ಆ ವರದಿಯನ್ನು ಆಧಾರವಾಗಿ ಒಪ್ಪುವುದಿಲ್ಲ. ಅದಕ್ಕಿಂತ ಹಳೆಯ ಆಕರ ಸಿಗುವವರೆಗೆ 'ಉಲ್ಲೇಖ ಬೇಕು' ಅಂತ ಗುರುತು ಹಾಕುತ್ತೇನೆ. ಬದುಕಿರುವ ವ್ಯಕ್ತಿಯ ಬಗ್ಗೆ ಕೆಟ್ಟದಾಗಿ ಹೇಳುವ ಸಾಲಾದರೆ ಕಾಯುವುದೇ ಇಲ್ಲ, ತಕ್ಷಣ ತೆಗೆಯುತ್ತೇನೆ.

ಇನ್ನು ರಿವರ್ಟ್ ವಿಷಯ. ಇಂಗ್ಲಿಷ್ ವಿಕಿಪೀಡಿಯದಲ್ಲಿ 24 ಗಂಟೆಯೊಳಗೆ ಒಂದೇ ಪುಟದಲ್ಲಿ 3ಕ್ಕಿಂತ ಹೆಚ್ಚು ಸಲ ಬೇರೆಯವರ ಬದಲಾವಣೆಯನ್ನು ಹಿಂದಕ್ಕೆ ತಿರುಗಿಸಿದರೆ ಖಾತೆಗೆ ತಡೆ ಬೀಳಬಹುದು. ಹಾಗಂತ 3 ಸಲ ನಮ್ಮ ಹಕ್ಕು ಅಂತ ಅಲ್ಲ. ನನ್ನ ಬದಲಾವಣೆಯನ್ನು ಯಾರಾದರೂ ಒಮ್ಮೆ ತಿರುಗಿಸಿದರೆ ನಾನು ಪುಟ ಮುಟ್ಟುವುದನ್ನು ಬಿಟ್ಟು, ಆ ಲೇಖನದ ಬಗ್ಗೆ ಮಾತಾಡಲೆಂದೇ ಇರುವ ಚರ್ಚೆ ಪುಟಕ್ಕೆ ಹೋಗುತ್ತೇನೆ. ಅಲ್ಲಿ 'ನೀವು' ಅನ್ನುವ ಪದವನ್ನು ಆದಷ್ಟು ಬಳಸುವುದಿಲ್ಲ. 'ನೀವು ಯಾಕೆ ಅಳಿಸಿದಿರಿ' ಅಂದ ತಕ್ಷಣ ಎದುರಿನವರು ತಮ್ಮನ್ನು ಕಾಪಾಡಿಕೊಳ್ಳಲು ನಿಲ್ಲುತ್ತಾರೆ. ಸಹಜ ಅಲ್ವಾ? ಅದರ ಬದಲು ಹೀಗೆ ಬರೆಯುತ್ತೇನೆ: 'ಈ ಅಂಕಿ ಬಂಡೆಯದ್ದೋ ಹಿಮದ್ದೋ? ಆಕರದ ಸಾಲು ಇಲ್ಲಿದೆ.' ಮೂಲದ ಎರಡು ಸಾಲು ಕಣ್ಣೆದುರು ಇದ್ದರೆ ಮಾತು ವ್ಯಕ್ತಿಯ ಮೇಲಿಂದ ವಿಷಯಕ್ಕೆ ಬರುತ್ತದೆ.

ಉತ್ತರ ಬರಲು ಒಂದೆರಡು ದಿನ ಬಿಡಬೇಕು. ಎಲ್ಲರಿಗೂ ಮನೆ, ಕೆಲಸ ಇರುತ್ತದೆ. ಅಷ್ಟಾದರೂ ಇಬ್ಬರೂ ಪಟ್ಟು ಬಿಡದಿದ್ದರೆ ಸಂಬಂಧವೇ ಇಲ್ಲದ ಮೂರನೆಯವರ ಅಭಿಪ್ರಾಯ ಕೇಳುವುದು ಒಳ್ಳೆಯದು. ಇನ್ನೂ ಬಗೆಹರಿಯದಿದ್ದರೆ ಇಡೀ ಸಮುದಾಯದ ಮುಂದಿಡಬಹುದು. ಗೆಳೆಯರನ್ನು ಕರೆತಂದು ಬೆಂಬಲ ಹಾಕಿಸುವುದನ್ನು ಮಾತ್ರ ಮಾಡಬೇಡಿ. ಅಲ್ಲಿ ತಲೆ ಎಣಿಸುವುದಿಲ್ಲ, ವಾದ ಮತ್ತು ಆಧಾರ ನೋಡುತ್ತಾರೆ. ತೀರ್ಮಾನ ನನ್ನ ವಿರುದ್ಧ ಬಂದರೂ ನಾನು ಹುಡುಕಿದ ಆಕರಗಳನ್ನು ಪುಟ ಸಂಖ್ಯೆ ಸಮೇತ ಚರ್ಚೆ ಪುಟದಲ್ಲಿ ಬಿಟ್ಟುಬರುತ್ತೇನೆ. ಮುಂದೆ ಅದೇ ಪ್ರಶ್ನೆ ಹಿಡಿದು ಬರುವವರು ಮೊದಲಿನಿಂದ ಹುಡುಕಬೇಕಾಗುವುದಿಲ್ಲ.