ಎಲ್ಲರೂ ಐದಕ್ಕೆ ಐದು ಕೊಟ್ಟಿದ್ದರು

ನಾನು ಶಿವಮೊಗ್ಗದ ಒಂದು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತೇನೆ. ಟೀಚರ್‌ಗಳ ಬಗ್ಗೆ ಅಭಿಪ್ರಾಯ ಕೇಳಲು ವರ್ಷಕ್ಕೊಮ್ಮೆ ಫಾರಂ ಹಂಚುತ್ತೇವೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಗೆ ತೋರಿಸುವ ಫೈಲಿಗೂ ಅದು ಬೇಕು. ನನಗೆ ಎಲ್ಲರೂ ಐದಕ್ಕೆ ಐದು ಕೊಟ್ಟಿದ್ದರು. ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ? ಆಮೇಲೆ ನೋಡಿದರೆ, ಹೆರಿಗೆ ರಜೆಯಲ್ಲಿದ್ದ ಮೇಡಂಗೂ 'ಸಮಯಕ್ಕೆ ಸರಿಯಾಗಿ ಕ್ಲಾಸಿಗೆ ಬರುತ್ತಾರೆ' ಅನ್ನೋದಕ್ಕೆ ಐದು!

ಒಂದು ಸಂಜೆ ಜೋರು ಮಳೆ. ಬಸ್ ಸ್ಟಾಪಿನಲ್ಲಿ ಕೊನೇ ವರ್ಷದ ಹುಡುಗಿಯೊಬ್ಬಳು ಸಿಕ್ಕಳು. ಯಾಕಮ್ಮ ಹೀಗೆ ಅಂತ ಕೇಳಿದೆ. "ಮೇಡಂ, ಇಂಟರ್ನಲ್ಸ್ ನಿಮ್ ಕೈಲೇ ಇದೆ ಅಲ್ವಾ? ನಮ್ ಅಕ್ಷರಾನೂ ನಿಮಗೆ ಗೊತ್ತು" ಅಂದಳು. ಹೆಚ್ಚಿನ ಥಿಯರಿ ವಿಷಯಗಳಲ್ಲಿ 100ಕ್ಕೆ 25 ಅಂಕ ನಾವೇ ಹಾಕೋದು. ಕೇಸ್ ಬುಕ್ ತಿದ್ದಿ ತಿದ್ದಿ ಅಕ್ಷರವೂ ಗೊತ್ತಿರುತ್ತದೆ.

ಮುಂದಿನ ಸಲ ಫಾರಂ ತುಂಬುವಾಗ ನಾವ್ಯಾರೂ ಕ್ಲಾಸಿನಲ್ಲಿರಲಿಲ್ಲ. ಅಕ್ಷರದ ಭಯವಿದ್ದವರು ಗೆಳತಿಯ ಕೈಲಿ ಬರೆಸಿದರು. ಕ್ಲಾಸ್ ಲೀಡರ್ ಕವರ್ ಅಂಟಿಸಿ ಮೇಲೆ ಸಹಿ ಹಾಕಿದಳು. ಇಂಟರ್ನಲ್ಸ್ ವಿಶ್ವವಿದ್ಯಾಲಯಕ್ಕೆ ಹೋದ ಮೇಲೆ ಒಡೆದೆವು. ಕ್ಲಾಸಿಗೊಂದು, ವಾರ್ಡಿಗೊಂದು, ಹೀಗೆ ಎರಡು ಫಾರಂ ಮಾಡಿದ್ದೆ. ಕ್ಲಾಸಿನಲ್ಲಿ ನಗುವ ಮೇಡಂ ವಾರ್ಡಿನಲ್ಲಿ ಬೇರೆಯೇ ಆಗಿರುತ್ತಾರೆ.

ವಾರ್ಡಿನಲ್ಲಿ ನನಗೆ ಸಿಕ್ಕಿದ್ದು ಮೂರು. ಒಂದು ಚೀಟಿ ಹೀಗಿತ್ತು: 'ಬಿಪಿ ಕಫ್ ತಪ್ಪು ಕಟ್ಟಿದ್ದಕ್ಕೆ ಪೇಷಂಟ್ ಎದುರಿಗೇ ಬೈದಿರಿ. ಆಮೇಲೆ ಆ ಅಜ್ಜಿ ನನ್ನ ಹತ್ತಿರ ಇಂಜೆಕ್ಷನ್ ಹಾಕಿಸಿಕೊಳ್ಳಲಿಲ್ಲ.' ಅದನ್ನು ಮಡಚಿ ಪರ್ಸಿನಲ್ಲಿಟ್ಟುಕೊಂಡೆ. ಈಗ ಪೇಷಂಟಿಗೆ ಅಪಾಯ ಇಲ್ಲ ಅಂದರೆ ವರಾಂಡಕ್ಕೆ ಕರೆದು ಹೇಳುತ್ತೇನೆ.

ಎಲ್ಲ ಚೀಟಿಯನ್ನೂ ನಂಬಬೇಕಿಲ್ಲ. ಒಬ್ಬರು ಬರೀ ನನ್ನ ಸೀರೆ ಬಗ್ಗೆ ಬರೆದಿದ್ದರು. ಡ್ರೆಸ್ಸಿಂಗ್ ಮಾಡುವಾಗ ಗ್ಲೌಸ್ ಎಲ್ಲಿಗಾದರೂ ತಗುಲಿದರೆ ಮೊದಲಿಂದ ಮಾಡಿಸುವ ಸಹೋದ್ಯೋಗಿಗೆ ಎಲ್ಲರಿಗಿಂತ ಕಡಿಮೆ ಅಂಕ ಬಿದ್ದಿತ್ತು. ಅವರು ಮಾಡಿದ್ದು ಸರಿಯೇ. ಬರೀ ಅಂಕ ನೋಡಿ ಟೀಚರನ್ನು ಅಳೆಯಬಾರದು ಅನ್ನೋದು ನನ್ನ ಹಟ.

ಇನ್ನೊಂದು ಚೀಟಿ ಮಂಗನ ಕಾಯಿಲೆ ಪಾಠದ್ದು. 'ಸ್ಲೈಡ್ ನೋಡಿ ಓದಿದಿರಿ. ನಮ್ಮೂರು ಸೊರಬ ಕಡೆ. ನಮ್ಮನ್ನೂ ಕೇಳಬಹುದಿತ್ತು.' 1957ರಲ್ಲಿ ಆ ಕಾಯಿಲೆ ಮೊದಲು ಪತ್ತೆಯಾದ ಕ್ಯಾಸನೂರು ಕಾಡು ಇರೋದೇ ಸೊರಬ ತಾಲೂಕಿನಲ್ಲಿ! ಯಾರು ಬರೆದಿರಬಹುದು ಅಂತ ಲೆಕ್ಕ ಹಾಕಲು ಹೊರಟಿದ್ದೆ. ತಡೆದುಕೊಂಡೆ.

ಈ ವರ್ಷ ಸ್ಲೈಡ್ ಹಾಕುವ ಮೊದಲೇ ಕೇಳಿದೆ. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತ. ದರಗು, ಅಂದರೆ ಒಣ ಎಲೆ, ತರಲು ಕಾಡಿಗೆ ಹೋಗುವಾಗ ಕಾಯಿಲೆ ಹರಡುವ ಉಣುಗು ಕಚ್ಚದಿರಲಿ ಅಂತ ಅವನಮ್ಮ ಕೈಕಾಲಿಗೆ ಡೆಪಾ ಎಣ್ಣೆ ಹಚ್ಚಿಕೊಳ್ಳುವುದನ್ನು ಮಾಡಿ ತೋರಿಸಿದ.